ವಿಮಾನವೊಂದಿದ್ದರೆ ಮೀನು ಹಾರುವುದಿಲ್ಲ

ವಿಶಾಖಪಟ್ಟಣದ ಸಿಗಡಿ ಸಂಸ್ಕರಣಾ ಘಟಕವೊಂದರಲ್ಲಿ ಕೆಲಸ ಮಾಡುವ ನನಗೆ ಊರಿನವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ‘ನಿಮ್ಮಲ್ಲಿಯ ಸಿಗಡಿ ವಿಮಾನ ಹತ್ತಿ ಅಮೆರಿಕಕ್ಕೆ ಹೋಗುತ್ತದಂತೆ, ಹೌದಾ?’ ಇಲ್ಲ, ಅದು ಹಡಗಿನಲ್ಲಿ ಹೋಗುತ್ತದೆ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಕಂಟೇನರ್ ಒಳಗೆ, ಒಂದು ತಿಂಗಳಿಗೂ ಮೀರಿದ ಪ್ರಯಾಣ. ಈ ಉತ್ತರ ಕೇಳಿ ಹಲವರಿಗೆ ನಿರಾಸೆಯಾಗುತ್ತದೆ. ವಿಮಾನ ಎಂದರೆ ಪ್ರಗತಿ, ಹಡಗು ಎಂದರೆ ಹಳೆಯ ಕಾಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದೇ ಭಾವನೆ ಈಗ ಬೇಡಿಕೆಗಳ, ಯೋಜನೆಗಳ ರೂಪ ಪಡೆಯುತ್ತಿರುವುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ದೇಶದಲ್ಲಿ ಅತಿ ಹೆಚ್ಚು ಸಿಗಡಿ ಬೆಳೆಯುವ ರಾಜ್ಯ ಆಂಧ್ರ. 2023-24ರಲ್ಲಿ ಭಾರತ ರಫ್ತು ಮಾಡಿದ ಸುಮಾರು 17.8 ಲಕ್ಷ ಟನ್ ಸಾಗರೋತ್ಪನ್ನಗಳಲ್ಲಿ 7 ಲಕ್ಷ ಟನ್‌ಗೂ ಹೆಚ್ಚು ಹೆಪ್ಪುಗಟ್ಟಿಸಿದ ಸಿಗಡಿಯೇ ಇತ್ತು. ಅದಕ್ಕೆ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿತು. ಮೊದಲೇ ಇದ್ದ ಸುಂಕಗಳೂ ಸೇರಿ ಸಿಗಡಿಯ ಮೇಲಿನ ಹೊರೆ ಶೇ 58ಕ್ಕೆ ಮುಟ್ಟಿತು. ಆಗ ಕೇಳಿಬಂದ ಸಲಹೆಗಳಲ್ಲಿ ಇದೂ ಒಂದು: ಅಮೆರಿಕವನ್ನೇ ನೆಚ್ಚಿಕೊಳ್ಳುವುದು ಬೇಡ, ತಾಜಾ ಮಾಲನ್ನು ವಿಮಾನದಲ್ಲಿ ಜಪಾನಿಗೆ, ಕೊಲ್ಲಿಗೆ, ಸಿಂಗಪುರಕ್ಕೆ ಕಳಿಸಿ. ವಿಜಯನಗರಂ ಜಿಲ್ಲೆಯ ಭೋಗಾಪುರಂನಲ್ಲಿ ಅಲ್ಲೂರಿ ಸೀತಾರಾಮರಾಜು ಹೆಸರಿನ ಹೊಸ ವಿಮಾನ ನಿಲ್ದಾಣ ತಲೆಯೆತ್ತಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ.

ಹೊಸ ಮಾರುಕಟ್ಟೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೆಕ್ಕ ನೋಡಿ. ವಿಮಾನದಲ್ಲಿ ತೂಕಕ್ಕೆ ಮಾತ್ರವಲ್ಲ, ಜಾಗಕ್ಕೂ ಬಾಡಿಗೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಆ ಉತ್ತರ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 60, 40, 40ರ ಒಂದು ಥರ್ಮೊಕೋಲ್ ಪೆಟ್ಟಿಗೆ ಎಂದರೆ 16 ಕಿಲೊ. ಒಳಗೆ 8 ಕಿಲೊ ಮೀನು, 4 ಕಿಲೊ ಐಸ್ ಇಟ್ಟರೂ 16 ಕಿಲೊಗೇ ಬಾಡಿಗೆ ಕಟ್ಟಬೇಕು. ಅಂದರೆ ಪ್ರತಿ ಕಿಲೊ ಮೀನಿಗೆ ಎರಡು ಕಿಲೊ ಬಾಡಿಗೆ. ಇನ್ನೊಂದು ಕಡೆ, 40 ಅಡಿಯ ಒಂದು ರೀಫರ್ ಕಂಟೇನರ್ 20 ಟನ್‌ಗೂ ಹೆಚ್ಚು ಸಿಗಡಿಯನ್ನು ಒಮ್ಮೆಗೇ ಒಯ್ಯುತ್ತದೆ. ನಮ್ಮ ಎರಡನೇ ಸ್ತರದ ನಗರಗಳಿಗೆ ಬರುವ ಸಣ್ಣ ವಿಮಾನಗಳ ಹೊಟ್ಟೆಯಲ್ಲಿ ಪ್ರಯಾಣಿಕರ ಸೂಟ್‌ಕೇಸ್ ತುಂಬಿದ ಮೇಲೆ ಉಳಿಯುವುದು ಹೆಚ್ಚೆಂದರೆ ಕೆಲವು ಟನ್ ಜಾಗ. ಚೆನ್ನಾಗಿ ಹೆಪ್ಪುಗಟ್ಟಿಸಿದ 60 ಕೌಂಟ್ ಸಿಗಡಿಗೆ ಆ ಬಾಡಿಗೆ ಹೊರುವ ಶಕ್ತಿಯಿಲ್ಲ, ಹೊರಬೇಕಾದ ಅಗತ್ಯವೂ ಇಲ್ಲ.

ಹಾಗಾದರೆ ಹಾರಬೇಕಾದದ್ದು ಯಾವುದು? ಬದುಕಿದ್ದರಷ್ಟೇ ಬೆಲೆ ಬಾಳುವಂಥದ್ದು. ಕೃಷ್ಣಾ ನದಿ ಸಮುದ್ರ ಸೇರುವ ನಾಗಾಯಲಂಕದ ಕಡೆಯ ಕೆಸರು ಏಡಿ ಇದಕ್ಕೆ ಒಳ್ಳೆಯ ಉದಾಹರಣೆ. ಕೊಂಬು ಕಟ್ಟಿ, ಒದ್ದೆಯಾಗಿಟ್ಟು, ಗಾಳಿಯಾಡುವ ಪೆಟ್ಟಿಗೆಯಲ್ಲಿ ಜೀವಂತ ಕಳಿಸುತ್ತಾರೆ. ಇದರ ಹತ್ತಿರ ಡ್ರೈ ಐಸ್ ಇಡುವಂತಿಲ್ಲ. ಅದು ಆವಿಯಾದಂತೆ ಇಂಗಾಲದ ಡೈಆಕ್ಸೈಡ್ ತುಂಬಿ ಏಡಿ ಉಸಿರುಗಟ್ಟಿ ಸಾಯುತ್ತದೆ. ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆ ಕೊಲ್ಲಿ ದೇಶಗಳಿಗೆ ವಿಮಾನದಲ್ಲಿ ಹೋಗುವುದೂ ಇದೇ ತರ್ಕದಿಂದ. ಹಗುರ, ಬೆಲೆ ಹೆಚ್ಚು, ನಾಳೆಗೆ ಬಾಡುತ್ತದೆ.

ಆಂಧ್ರದ ಈ ಏಡಿ ಹೆಚ್ಚಾಗಿ ವಿಮಾನ ಹತ್ತುವುದು ವಿಜಯವಾಡದಲ್ಲಲ್ಲ, ಚೆನ್ನೈನಲ್ಲಿ. ಗನ್ನವರಂ ನಿಲ್ದಾಣಕ್ಕೆ 2017ರಲ್ಲೇ ಅಂತರರಾಷ್ಟ್ರೀಯ ಸ್ಥಾನಮಾನ ಸಿಕ್ಕಿದೆ. ವಿಶಾಖಪಟ್ಟಣದಿಂದ ಸಿಂಗಪುರಕ್ಕೆ ವಿಮಾನವೂ ಇದೆ. ಆದರೂ ಏಡಿ ರಾತ್ರಿಯಿಡೀ ಲಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತದೆ. ಏಕೆಂದರೆ ಬೆರಳೆಣಿಕೆಯ ಸಣ್ಣ ವಿಮಾನಗಳನ್ನು ನಂಬಿ ಯಾರೂ ಜೀವಂತ ಮಾಲು ಕಟ್ಟುವುದಿಲ್ಲ. ಒಂದು ವಿಮಾನ ತಪ್ಪಿದರೆ ಅದೇ ದಿನ ಇನ್ನೊಂದು ಸಿಗಬೇಕು. ದೊಡ್ಡ ವಿಮಾನಗಳು ಬರುವುದು ಪ್ರಯಾಣಿಕರು ತುಂಬುವ ಊರಿಗೆ, ಏಡಿ ತುಂಬುವ ಊರಿಗಲ್ಲ.

ಮಾವಿನ ಕಥೆಯಲ್ಲಿ ಇನ್ನೊಂದು ಪಾಠವಿದೆ. ವಿಜಯವಾಡದ ಪಕ್ಕದ ನೂಜಿವೀಡು ಮಾವಿಗೆ ಹೆಸರುವಾಸಿ. ಆದರೆ ಭಾರತದ ಮಾವು ಅಮೆರಿಕಕ್ಕೆ ಹೋಗಬೇಕಾದರೆ ವಿಕಿರಣ ಸಂಸ್ಕರಣೆ ಆಗಲೇಬೇಕು. ಅದಕ್ಕೆ ದಕ್ಷಿಣದಲ್ಲಿ ಮಾನ್ಯತೆ ಪಡೆದ ಘಟಕವೊಂದು ಇರುವುದು ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ, ನೂಜಿವೀಡಿನಿಂದ ಆರುನೂರಕ್ಕೂ ಹೆಚ್ಚು ಕಿಲೊಮೀಟರ್ ದೂರ. ಹತ್ತಿರದಲ್ಲಿ ವಿಮಾನ ನಿಲ್ದಾಣ ಇದ್ದ ಮಾತ್ರಕ್ಕೆ ಹಣ್ಣಿಗೆ ದಾರಿ ತೆರೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈ ಕಡೆಯಿಂದ ಹೋದ 15 ಮಾವಿನ ರವಾನೆಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ವಿಕಿರಣ ಸಂಸ್ಕರಣೆಯ ದಾಖಲೆಯಲ್ಲಿ ಲೋಪ ಎಂಬುದು ಕಾರಣ. ವಾಪಸ್ ತರುವ ಖರ್ಚು ದುಬಾರಿಯಾದ್ದರಿಂದ ಮಾಲನ್ನು ಅಲ್ಲೇ ನಾಶ ಮಾಡಬೇಕಾಯಿತು. ಹಣ್ಣು ಕೆಟ್ಟಿರಲಿಲ್ಲ, ಕಾಗದ ಕೆಟ್ಟಿತ್ತು.

ಸರಕಿನ ಭವಿಷ್ಯ ತೀರ್ಮಾನವಾಗುವುದು ರನ್‌ವೇ ಮೇಲಲ್ಲ, ಕೊಳದ ದಂಡೆಯಲ್ಲಿ, ದೋಣಿಯ ಮೇಲೆ, ಮೊದಲ ಕೆಲವು ಗಂಟೆಗಳಲ್ಲಿ. ವಿಶಾಖಪಟ್ಟಣದ ಮೀನುಗಾರಿಕಾ ಬಂದರಿಗೆ ಒಳ್ಳೆಯ ಹಳದಿ ರೆಕ್ಕೆಯ ಟ್ಯೂನಾ ಬರುತ್ತದೆ, ನಮ್ಮ ಕಡೆಯ ಕೇದರದ ದೊಡ್ಡಣ್ಣ. ಜಪಾನಿನಲ್ಲಿ ಹಸಿಯಾಗಿ ತಿನ್ನುವ ದರ್ಜೆಯ ಟ್ಯೂನಾಕ್ಕೆ ಸಿಗುವ ಬೆಲೆಯೇ ಬೇರೆ. ಆದರೆ ಆ ದರ್ಜೆ ಬೇಕಾದರೆ ಹಿಡಿದ ಕೂಡಲೇ ದೋಣಿಯಲ್ಲೇ ಕೊಂದು, ರಕ್ತ ಹರಿಸಿ, ಕರುಳು ತೆಗೆದು, ಐಸಿನಲ್ಲಿ ಹೂಳಬೇಕು. ಸಣ್ಣ ದೋಣಿಯಲ್ಲಿ ಅಷ್ಟು ಐಸಿಗೆ ಜಾಗವೆಲ್ಲಿ? ಸಾಕಣೆ ಸಿಗಡಿಯಲ್ಲೂ ಅಷ್ಟೆ. ಆ್ಯಂಟಿಬಯಾಟಿಕ್ ಶೇಷದ ಅನುಮಾನದಿಂದ ಐರೋಪ್ಯ ಒಕ್ಕೂಟ 2016ರಲ್ಲಿ ನಮ್ಮ ಸಾಕಣೆ ಸಿಗಡಿಯ ತಪಾಸಣೆಯನ್ನು ಶೇ 10ರಿಂದ ಶೇ 50ಕ್ಕೆ ಏರಿಸಿತು. ಎರಡರಲ್ಲಿ ಒಂದು ರವಾನೆ ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯುವುದಾದರೆ ವಿಮಾನದ ವೇಗದಿಂದ ಪ್ರಯೋಜನವೇನು?

ಇದರ ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು ಇಲ್ಲಿ ದಿನವೂ ನೋಡುತ್ತೇನೆ. ಒಂದು ಕಂಟೇನರ್ ವಾಪಸಾದರೆ ರೈತನಿಗೆ ಮುಂದಿನ ಕೊಯ್ಲಿನಲ್ಲಿ ಬೆಲೆ ಕಡಿತ. ಆರ್ಡರ್ ನಿಂತರೆ ಪೀಲಿಂಗ್ ಶೆಡ್‌ನಲ್ಲಿ ಸಿಗಡಿ ಸುಲಿಯುವ ಹೆಣ್ಣುಮಕ್ಕಳಿಗೆ ಆ ದಿನದ ಕೂಲಿ ಇಲ್ಲ. ಸುಂಕದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದುವುದಿಲ್ಲ. ಕರೆದೊಯ್ಯುವ ಬಸ್ಸು ಬೆಳಿಗ್ಗೆ ಬಾರದಿದ್ದರೆ ಅವರಿಗೆ ತಿಳಿಯುತ್ತದೆ.

ಇಷ್ಟೆಲ್ಲ ಹೇಳುತ್ತಿರುವುದು ನಮ್ಮ ರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣ ಬಂತು. ಹುಬ್ಬಳ್ಳಿ, ಮಂಗಳೂರುಗಳಲ್ಲಿ ಮೊದಲೇ ಇದೆ. ಪ್ರತಿ ನಿಲ್ದಾಣಕ್ಕೂ ಕಾರ್ಗೊ ಸಂಕೀರ್ಣ ಬೇಕೆಂಬ ಮಾತು ವೇದಿಕೆಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಬೇಗ ಕೆಡುವ ಸರಕನ್ನು ಕಳಿಸುವ ವ್ಯವಸ್ಥೆ ದೇವನಹಳ್ಳಿಯಲ್ಲಿ ಈಗಾಗಲೇ ಗಟ್ಟಿಯಾಗಿದೆ, ದೊಡ್ಡ ವಿಮಾನಗಳೂ ಅಲ್ಲಿವೆ. ಮಲ್ಪೆಯ ಮೀನಿಗೆ ಬೇಕಾದದ್ದು ಅಲ್ಲಿಗೆ ತಲುಪುವ ನಂಬಿಗಸ್ತ ದಾರಿ. ಆಗಸ್ಟ್‌ನಲ್ಲಿ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತಿಗೂ ಮಳೆ ಬಿಟ್ಟಿರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಐಸ್ ತುಂಬಿದ ಲಾರಿ ಎಲ್ಲಿ ಕಾಯಬೇಕು? ಕಾರ್ಗೊ ಸಂಕೀರ್ಣದ ಶಿಲಾನ್ಯಾಸಕ್ಕಿಂತ ಆ ಘಾಟಿಯ ರಸ್ತೆ ನಮ್ಮ ಮೀನಿನ ರಫ್ತಿಗೆ ಮುಖ್ಯ.

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿ ಓದಿದವರು ಕೆಲಸ ಹುಡುಕಿಕೊಂಡು ಈ ತೀರಕ್ಕೆ ಬರುತ್ತಾರೆ. ತಿಳಿವಳಿಕೆ ಇರುವವರು ನಮ್ಮಲ್ಲಿ ಇದ್ದಾರೆ. ಧಕ್ಕೆಯಲ್ಲಿ ಶುದ್ಧ ನೀರು, ಸಾಕಷ್ಟು ಐಸ್, ನೆಲದ ಮೇಲೆ ಮೀನು ಸುರಿಯದಂಥ ಹರಾಜುಕಟ್ಟೆ, ಒಂದೇ ದಿನದಲ್ಲಿ ವರದಿ ಕೊಡುವ ಪ್ರಯೋಗಾಲಯ. ಮುಂದಿನ ಬಜೆಟ್‌ನಲ್ಲಿ ಕರಾವಳಿಯ ಶಾಸಕರು ಕೇಳಬೇಕಾದ ಪಟ್ಟಿ ಇದು. ಇವಿದ್ದರೆ ನಮ್ಮ ಮೀನು ಹಡಗಿನಲ್ಲಿ ಹೋದರೂ ಒಳ್ಳೆಯ ಬೆಲೆ ತರುತ್ತದೆ. ಇವಿಲ್ಲದೆ ವಿಮಾನ ಹತ್ತಿಸಿದರೆ, ಕೆಡುವ ಮೀನಿಗೆ ಹೆಚ್ಚಿನ ಬಾಡಿಗೆ ಕಟ್ಟಿದಂತೆ ಅಷ್ಟೆ.