‘ಎಲ್ಲಿದ್ದೀರಿ?’ ಎಂದು ಕೇಳುವ ಮುನ್ನ



ಈ ಸಲ ಮಾವಿನಮಿಡಿ ಉಪ್ಪಿನಕಾಯಿಯ ವಿಷಯ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗಿರಲಿ. ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಮ್ಮ ಮನೆ ಭದ್ರಾವತಿಯಲ್ಲಿ, ಯಜಮಾನರ ಕೆಲಸ ಶಿವಮೊಗ್ಗದಲ್ಲಿ. ದಿನಾ ಸ್ಕೂಟರಿನಲ್ಲೇ ಹೋಗಿ ಬರುತ್ತಾರೆ. ಬಸ್ಸು ಬೇಕಾದಷ್ಟಿದೆ, ಆದರೆ ಸ್ಕೂಟರ್ ಇದ್ದಮೇಲೆ ಗಂಡಸರಿಗೆ ಬಸ್ಸು ರುಚಿಸುತ್ತದೆಯೇ? ಹೋದ ಮಳೆಗಾಲದ ಒಂದು ಸಂಜೆ, ಆರೂಮುಕ್ಕಾಲರ ಹೊತ್ತು. ಸಾರು ಇಳಿಸಿದೆ, ನೋಡಿದರೆ ಮನೆಯಲ್ಲಿ ಕೊತ್ತಂಬರಿ ಸೊಪ್ಪಿಲ್ಲ. ಕೈ ತಾನಾಗಿ ಫೋನಿಗೆ ಹೋಯಿತು.

“ಎಲ್ಲಿದ್ದೀರಿ?”

“ಮಾಚೇನಹಳ್ಳಿ ದಾಟಿದೆ, ಹೇಳು.”

ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಾರೆಂದು ದನಿಯಲ್ಲೇ ಗೊತ್ತಾಯಿತು. ಆದರೂ ಇಡಲಿಲ್ಲ ನೋಡಿ! ಕೊತ್ತಂಬರಿ ಮುಗಿಸಿ ನಾದಿನಿಯ ಮನೆ ಗೃಹಪ್ರವೇಶಕ್ಕೆ ಬಂದೆ. “ಸೀರೆ ಕೊಡೋಣವೋ, ಪಾತ್ರೆ ಕೊಡೋಣವೋ?” ಎನ್ನುತ್ತಿದ್ದಂತೆ ಆ ಕಡೆ ಏನೋ ಉಜ್ಜಿದ ಸದ್ದು, ಹಿಂದೆಯೇ ಢಬ್ ಎಂಬ ಶಬ್ದ. ಆಮೇಲೆ ಬರೀ ಮಳೆ.

“ರೀ... ರೀ...” ಎಂದು ಎಷ್ಟು ಸಲ ಕೂಗಿದೆನೋ. ಕೊನೆಗೆ ಯಾರೋ ಫೋನ್ ಎತ್ತಿಕೊಂಡು, “ಅಮ್ಮಾ, ಗಾಬರಿ ಆಗ್ಬೇಡಿ, ಉಸಿರಾಡ್ತಾ ಇದಾರೆ. 108ಕ್ಕೆ ಹೇಳಿದೀವಿ” ಎಂದರು. ಉಸಿರಾಡ್ತಾ ಇದಾರೆ! ಆ ಮಾತು ಕೇಳಿ ಕಾಲು ಕುಸಿಯದ ಹೆಂಗಸು ಉಂಟೇ?

ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರಾಕ್ಟರ್ ಟ್ರೈಲರು ಅದು. ಬಲಗೈ ಎರಡು ಕಡೆ ಮುರಿದಿತ್ತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಎರಡು ತಿಂಗಳು ನಾನೇ ಕಲಸಿ ತುತ್ತಿಟ್ಟೆ. ಒಂದು ದಿನವೂ ಅವರು “ನಿನ್ನಿಂದಲೇ” ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

“ಕಿವಿಗೆ ಬ್ಲೂಟೂತ್ ಹಾಕಿಕೊಂಡರೆ ಆಯ್ತಲ್ಲಮ್ಮ” ಎಂದ ಮಗ. ನನಗೂ ಸರಿ ಎನ್ನಿಸಿತ್ತು. ಆದರೆ 1997ರಲ್ಲೇ ಕೆನಡಾದ ಟೊರಾಂಟೊದಲ್ಲಿ ಇಬ್ಬರು ತಜ್ಞರು, ಅಪಘಾತಕ್ಕೆ ಸಿಕ್ಕ 699 ಚಾಲಕರ ಫೋನ್ ಲೆಕ್ಕಗಳನ್ನು ತಾಳೆ ಹಾಕಿ ನೋಡಿದ್ದರಂತೆ. ಮಾತಾಡುವಾಗ ಅಪಘಾತದ ಸಂಭವ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡುವವರಿಗೂ ಅದರಿಂದ ಲಾಭವೇನೂ ಕಾಣಲಿಲ್ಲ! ಯೋಚಿಸಿದರೆ ನಿಜವೇ. ಹಿಂದೆ ಕೂತು ಮಾತಾಡುವವಳು ಎದುರಿಗೆ ಲಾರಿ ಬಂದರೆ ತಾನೇ ಬಾಯಿ ಮುಚ್ಚುತ್ತಾಳೆ. ಅಡುಗೆಮನೆಯಲ್ಲಿ ನಿಂತವಳಿಗೆ ಲಾರಿ ಎಲ್ಲಿ ಕಾಣುತ್ತದೆ?

ಫೋನಿನಲ್ಲಿ ಯಾರ ಹೆಸರು ಬಂತೆಂದು ಕಣ್ಣು ಹಾಯಿಸುವುದಕ್ಕೆ ಮೂರು ಸೆಕೆಂಡ್ ಎನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಗಾಡಿ 33 ಮೀಟರ್ ಹೋಗಿರುತ್ತದೆ. ನಮ್ಮ ಬೀದಿಯ ಮೂವತ್ತು ಅಡಿ ಅಗಲದ ಸೈಟುಗಳಾದರೆ ಮೂರು ಮನೆ ದಾಟಿ ನಾಲ್ಕನೆಯದರ ಬಾಗಿಲು! ಕಣ್ಣು ಕಟ್ಟಿಕೊಂಡು ಹೋದ ಹಾಗೆಯೇ. 2019ರ ತಿದ್ದುಪಡಿ ಕಾಯ್ದೆಯ ಪ್ರಕಾರ ಫೋನ್ ಕೈಯಲ್ಲಿ ಹಿಡಿದು ಗಾಡಿ ಓಡಿಸಿದರೆ ಮೊದಲ ಸಲಕ್ಕೇ ಐದು ಸಾವಿರದವರೆಗೆ ದಂಡ, ಜೈಲೂ ಆಗಬಹುದು. ಆದರೆ ಮನೆಯಿಂದ ಫೋನ್ ಮಾಡಿದವಳಿಗೆ ಯಾವ ಕಾಯ್ದೆಯೂ ಇಲ್ಲ.

ಈಗ ಸಾಮಾನಿನ ಚೀಟಿ ಬೆಳಿಗ್ಗೆಯೇ ಊಟದ ಡಬ್ಬಿಯ ಜೊತೆ ಹೋಗುತ್ತದೆ. ಸಂಜೆ “ಹೊರಟೆ” ಎಂದು ಅವರೇ ಹೇಳುತ್ತಾರೆ. ಆಮೇಲೆ ನಾನು ಫೋನ್ ಮುಟ್ಟುವುದಿಲ್ಲ, ಅವರದು ಸ್ಕೂಟರಿನ ಡಿಕ್ಕಿಯಲ್ಲಿ. ಅತ್ತೆಯವರನ್ನು ಒಪ್ಪಿಸುವುದೇ ಕಷ್ಟವಾಯಿತು. ಮಗನ ದನಿ ಕೇಳಿದರೇ ಅವರಿಗೆ ಸಮಾಧಾನ.

ಮೊನ್ನೆ ಒಂದು ಗಂಟೆ ತಡ, ಹೊರಗೆ ಜಡಿಮಳೆ. ಫೋನ್ ಎತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ, ಇಟ್ಟೆ. ಕೊನೆಗೆ ಮೊರ ತಂದು ಅಕ್ಕಿ ಆರಿಸುತ್ತಾ ಕೂತೆ. ಎರಡು ಸೇರು ಮುಗಿಯುವ ಹೊತ್ತಿಗೆ ಗೇಟಿನ ಸದ್ದಾಯಿತು. ಚೀಟಿ ಜೇಬಿನಲ್ಲೇ ಇತ್ತು, ಕೊತ್ತಂಬರಿ ಮಾತ್ರ ಮರೆತು ಬಂದಿದ್ದರು. ನಾನೇನೂ ಅನ್ನಲಿಲ್ಲ.