ಟ್ಯಾಪೆಟ್ ಸದ್ದು: ಮೊದಲು ಕೇಳೋಣ, ಆಮೇಲೆ ಬಿಗಿಯೋಣ

ಇಂಜಿನ್ ಕೆಲಸ ಮುಗಿಸಿಕೊಂಡು ಬಂದ ಹಳೇ ಪೆಟ್ರೋಲ್ ಅಂಬಾಸಿಡರ್ 'ಟಿಕ್ ಟಿಕ್' ಅಂದ್ರೆ ಸಾಕು, "ಟ್ಯಾಪೆಟ್ ಬಿಗಿ ಮಾಡ್ರೀ" ಅನ್ನೋರೇ ಎಲ್ಲರೂ. ನಾವಿದನ್ನ ಒಪ್ಪಲ್ಲ. ಬಿಗಿ ಹೆಚ್ಚಾದ್ರೆ ಸದ್ದೇನೋ ಅಡಗುತ್ತೆ. ಆದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ.

ಕ್ಯಾಮ್‌ಶಾಫ್ಟ್ ತಿರುಗೋದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದ್ರೆ ಒಂದು ವಾಲ್ವ್ ಬಡಿಯೋದು 400 ಸಲ. ಒಂದು ಪ್ಲಗ್ ಕಿಡಿ ಹಾರಿಸೋದೂ ಅಷ್ಟೇ ಸಲ. ಆದ್ದರಿಂದ ಟೈಮಿಂಗ್ ಲೈಟ್ ಹಾಕಿ ನೋಡಿ. ಮಿಂಚಿಗೊಂದು ಸದ್ದಾದ್ರೆ ಅನುಮಾನ ವಾಲ್ವ್ ಕಡೆ, ಎರಡಾದ್ರೆ ಕೆಳಗಿನ ಬೇರಿಂಗ್ ಕಡೆ.

ಫೀಲರ್ ಗೇಜ್ ಕೂಡ ಮೋಸ ಮಾಡುತ್ತೆ: ಹಳೇ ರಾಕರ್ ತುದಿ ಸವೆದು ಗುಳಿ ಬಿದ್ದಿದ್ರೆ, ಗುಳಿಯ ಆಳ ಅದರ ಲೆಕ್ಕಕ್ಕೇ ಬರಲ್ಲ.

ಪೀಣ್ಯದ ಮೆಕ್ಯಾನಿಕ್‌ಗಳು ಉದ್ದನೆ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳ್ತಾರಲ್ಲ, ಆ ವಿದ್ಯೆ ನಮ್ಮ ಲ್ಯಾಬಿಗೂ ಬರಲಿ.