ಸಾಹುಕಾರನ ಉಯಿಲು, ನಗರದ ಗೋಡೆ

ಶ್ರೀಮಂತರ ದಾನಧರ್ಮವನ್ನು ಹೊಗಳುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಹೊಗಳಬಾರದೆಂದು ನಾವು ಹೇಳುವುದಿಲ್ಲ. ಆದರೆ ದಾನದ ಮೊತ್ತವನ್ನು ಓದುವವರು ದಾನಿ ಹಾಕಿದ ಷರತ್ತನ್ನೂ ಓದಬೇಕು. ಅಮೆರಿಕದ ಫಿಲಡೆಲ್ಫಿಯಾ ನಗರದ ವರ್ತಕ ಸ್ಟೀಫನ್ ಗಿರಾರ್ಡನ ಬಾಳು ಇದಕ್ಕೆ ತಕ್ಕ ನಿದರ್ಶನ.

ಗಿರಾರ್ಡ್ 1750ರಲ್ಲಿ ಫ್ರಾನ್ಸಿನ ಬೋರ್ಡೋ ಪಟ್ಟಣದಲ್ಲಿ ಹುಟ್ಟಿದವನು. ಒಂದು ಕಣ್ಣು ಕುರುಡು. ಹದಿಹರೆಯದಲ್ಲೇ ಹಡಗಿನ ಕೆಲಸಕ್ಕೆ ಸೇರಿ, 1776ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ. ಸಣ್ಣ ವ್ಯಾಪಾರದಿಂದ ಬೆಳೆದು ಹಡಗುಗಳ ಒಡೆಯನಾದ. ಅವುಗಳಿಗೆ ರೂಸೋ, ವಾಲ್ಟೇರ್ ಎಂದು ಹೆಸರಿಟ್ಟ. ಹೆಸರೇನೋ ಸ್ವಾತಂತ್ರ್ಯ ಸಾರಿದ ವಿಚಾರವಂತರದು. ಆದರೆ ಅವನ ವ್ಯಾಪಾರದಲ್ಲಿ ಚೀನಕ್ಕೆ ಸಾಗಿಸಿದ ಅಫೀಮೂ ಇತ್ತು. ಆಸ್ತಿಯಲ್ಲಿ ಲೂಯಿಸಿಯಾನದ ಗುಲಾಮರೂ ಇದ್ದರು.

ಅವನ ಗುಣವನ್ನು ಮುಚ್ಚಿಡುವುದೂ ನ್ಯಾಯವಲ್ಲ. 1793ರಲ್ಲಿ ಹಳದಿ ಜ್ವರಕ್ಕೆ ಆ ನಗರದ ಸುಮಾರು 5,000 ಜನ ಬಲಿಯಾದರು. ಹಣವಂತರು ಊರುಬಿಟ್ಟು ಓಡಿದರು. ಗಿರಾರ್ಡ್ ಓಡಲಿಲ್ಲ, ಬುಷ್ ಹಿಲ್ ಆಸ್ಪತ್ರೆಯ ಹೊಣೆ ಹೊತ್ತು ರೋಗಿಗಳ ಮಧ್ಯೆ ನಿಂತ. ಅದೇ ದಿನಗಳಲ್ಲಿ ರಿಚರ್ಡ್ ಅಲೆನ್, ಆಬ್ಸಲಮ್ ಜೋನ್ಸ್ ಎಂಬ ಕಪ್ಪು ಜನರ ಮುಖಂಡರು ಶುಶ್ರೂಷೆಗೂ ಹೆಣ ಹೂಳುವುದಕ್ಕೂ ತಮ್ಮವರನ್ನು ಒಟ್ಟುಗೂಡಿಸಿದರು. ಅವರಲ್ಲೂ ಎಷ್ಟೋ ಜನ ಅದೇ ಜ್ವರಕ್ಕೆ ಸತ್ತರು.

ಮುಂದೆ ಗಿರಾರ್ಡ್ ನಗರದ ಕೌನ್ಸಿಲಿನ ಸದಸ್ಯನಾದ, 1812ರಲ್ಲಿ ಸ್ವಂತ ಬ್ಯಾಂಕು ತೆರೆದ, 1813ರಲ್ಲಿ ಸರ್ಕಾರದ ಯುದ್ಧದ ಸಾಲಕ್ಕೆ ಹೆಗಲುಕೊಟ್ಟ. 1831ರಲ್ಲಿ ಸತ್ತಾಗ ಸುಮಾರು 70 ಲಕ್ಷ ಡಾಲರಿನ ಆಸ್ತಿಯಲ್ಲಿ ಬಹುಪಾಲನ್ನು ನಗರಕ್ಕೇ ಬರೆದಿದ್ದ. ಅದರಲ್ಲಿ 20 ಲಕ್ಷ ಅನಾಥ ಮಕ್ಕಳ ಶಾಲೆಗೆ. ಆದರೆ ಉಯಿಲಿನ ಷರತ್ತೇನು? ಮಗು ಬಡವನಾಗಿರಬೇಕು, ಗಂಡಾಗಿರಬೇಕು, ಬಿಳಿಯನಾಗಿರಬೇಕು. ಶಾಲೆಯ ಸುತ್ತ ಹತ್ತಡಿ ಎತ್ತರದ ಗೋಡೆ ಇರಬೇಕು. 1848ರಲ್ಲಿ ಶಾಲೆ ತೆರೆಯಿತು. ಜ್ವರದ ಕಾಲದಲ್ಲಿ ಊರಿನ ಹೆಣ ಹೊತ್ತವರ ಸಂತತಿಗೆ ಅದರ ಬಾಗಿಲು ಮುಚ್ಚಿತ್ತು.

‘ಹಣ ಅವನದು, ಇಷ್ಟವೂ ಅವನದು’ ಎನ್ನುವವರುಂಟು. ಹಣ ಅವನೊಬ್ಬನದೇ ಎಂಬುದನ್ನು ನಾವು ಒಪ್ಪುವುದಿಲ್ಲ. ಹಡಗಿನ ಖಲಾಸಿಗಳೂ ಬಂದರಿನ ಹಮಾಲರೂ ದುಡಿಯದೆ ಆ ಗಂಟು ಬೆಳೆಯುತ್ತಿತ್ತೆ? ಮೇಲಾಗಿ ಶಾಲೆಯನ್ನು ನಡೆಸುತ್ತಿದ್ದುದು ನಗರದ ಮಂಡಳಿ, ನಗರವೋ ಎಲ್ಲರದು. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರಿ ಮಂಡಳಿ ಹೀಗೆ ಭೇದ ಮಾಡಕೂಡದೆಂದಿತು. ಆಗ ನಡೆದುದೇನು? ಸ್ಥಳೀಯ ನ್ಯಾಯಾಲಯ ನಗರದ ಮಂಡಳಿಯನ್ನೇ ತೆಗೆದು ಖಾಸಗಿ ಧರ್ಮದರ್ಶಿಗಳನ್ನು ಕೂರಿಸಿತು. ಗೋಡೆ ನಿಂತೇ ಇತ್ತು.

ಕೊನೆಗೆ ಜನ ಬೀದಿಗಿಳಿದರು. 1965ರ ಮೇ 1ರಂದು ಸೆಸಿಲ್ ಮೂರ್ ಮುಂದಾಳುತನದಲ್ಲಿ ಗೋಡೆಯ ಹೊರಗೆ ಪಿಕೆಟಿಂಗ್ ಆರಂಭವಾಗಿ ಏಳು ತಿಂಗಳಿಗೂ ಮೇಲೆ ನಡೆಯಿತು. ಮಾರ್ಟಿನ್ ಲೂಥರ್ ಕಿಂಗರೂ ಬಂದು ಮಾತನಾಡಿದರು. ಕೋರ್ಟಿನ ಹೋರಾಟವೂ ಮತ್ತೆ ಸಾಗಿತು. 1968ರಲ್ಲಿ ಕಪ್ಪು ಹುಡುಗರು ಒಳಗೆ ಕಾಲಿಟ್ಟರು. ಹೆಣ್ಣು ಮಕ್ಕಳಿಗೆ 1984ರವರೆಗೆ ಕಾಯಬೇಕಾಯಿತು.

ಒಬ್ಬನ ಉಯಿಲಿನ ಒಂದು ಪದ ಅಳಿಸಲು ನೂರಮೂವತ್ತಾರು ವರ್ಷ ಹಿಡಿಯಿತು. ಗಿರಾರ್ಡನಂಥ ಧೈರ್ಯವಂತನ ದಾನವೇ ಹೀಗಾದರೆ ಉಳಿದವರದೇನು? ಆದ್ದರಿಂದಲೇ ಶಾಲೆ, ಆಸ್ಪತ್ರೆಗಳು ಸಾರ್ವಜನಿಕ ತೆರಿಗೆಯ ಹಣದಿಂದ, ಜನ ಆರಿಸಿದವರ ಕೈಯಲ್ಲಿ ನಡೆಯಬೇಕೆಂದು ನಾವು ಒತ್ತಾಯಿಸುತ್ತೇವೆ. ಕೊಡುವವರು ಧಾರಾಳವಾಗಿ ಕೊಡಲಿ. ಷರತ್ತು ಹಾಕುವ ಹಕ್ಕು ಮಾತ್ರ ಜನರಲ್ಲಿರಲಿ.